ಧರೆ ಕುಸಿದರೆ ಗೋಡೆಯೊಂದೇ ಗತಿಯೇ?

ಮಳೆಗಾಲದಲ್ಲಿ ಮಲೆನಾಡಿನ ರಸ್ತೆ ಬದಿಯ ಧರೆ ಕುಸಿದಾಗಲೆಲ್ಲ ಎದ್ದುಬರುವ ಬೇಡಿಕೆ ಒಂದೇ: ತಡೆಗೋಡೆ ಕಟ್ಟಿಸಿ. ಈ ಕಾಂಕ್ರೀಟ್ ಭಕ್ತಿ ಅರ್ಧ ಕುರುಡು. ಮಣ್ಣಿನ ಸಂದುಗೊಂದುಗಳಲ್ಲಿ ತುಂಬಿಕೊಂಡ ನೀರು ಅದರ ಹಿಡಿತವನ್ನು ಸಡಿಲಿಸುವುದರಿಂದಲೇ ಧರೆ ಜಾರುವುದು; ಗೋಡೆಯಲ್ಲಿ ನೀರು ಬಸಿಯಲು ಬಿಟ್ಟ ತೂತುಗಳು ಕಟ್ಟಿಕೊಂಡರೆ ಆ ನೀರೆಲ್ಲ ಗೋಡೆಯ ಬೆನ್ನಿಗೇ ನಿಲ್ಲುತ್ತದೆ. ಅದೇ ಧರೆಯಲ್ಲಿ ಚಿಗುರಬಲ್ಲ ಹಸಿ ಗೂಟಗಳನ್ನು ಊರಿದರೆ ಅವುಗಳ ಬೇರು ಮೇಲ್ಮಣ್ಣನ್ನು ಹೆಣೆದು ಹಿಡಿಯುತ್ತದೆ. ಎಲೆಗಳೂ ಮಣ್ಣಿನ ನೀರನ್ನು ಆವಿಯಾಗಿಸುತ್ತವೆ, ನಿಜ, ಆದರೆ ಜಡಿಮಳೆಯಲ್ಲಿ ಅದು ಅಷ್ಟಕ್ಕಷ್ಟೇ. ಇಳಿಜಾರಿನ ಮರ ಕಡಿದ ವರ್ಷವೇ ಗುಡ್ಡ ಜಾರಬೇಕೆಂದಿಲ್ಲ. ಉಳಿದ ಬೇರು ಕೊಳೆಯುತ್ತ ಬಂದ ಕೆಲವು ವರ್ಷಗಳಲ್ಲಿ ಅಪಾಯ ಏರುತ್ತದೆ. ಅಷ್ಟು ದಿನ ಹಿಡಿದು ನಿಲ್ಲಿಸಿದ್ದು ಯಾವುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಗೂಟ ಊರುವ ಕೆಲಸ ಸುಲಭ, ಆದರೆ ಉಡಾಫೆಯಿಂದ ಆಗುವಂಥದ್ದಲ್ಲ. ಹೆಬ್ಬೆರಳಿಗಿಂತ ದಪ್ಪನೆಯ ಬಲಿತ ರೆಂಬೆ ಕಡಿದು, ಬುಡವನ್ನು ಓರೆಯಾಗಿ ಚೂಪು ಮಾಡಿ, ಮುಕ್ಕಾಲು ಪಾಲು ಮಣ್ಣೊಳಗೆ ಇಳಿಸಬೇಕು. ಬುಡ ಮೇಲಾದರೆ ಚಿಗುರುವುದು ಅನುಮಾನ, ಬಡಿಯುವಾಗ ತಲೆ ಸೀಳಿದರೆ ಕೊಳೆತ ಹತ್ತುತ್ತದೆ, ಕಡಿದು ಬಿಸಿಲಿಗೆ ಬಿಟ್ಟರೆ ಸೌದೆಯಾಗುತ್ತದೆ. ಮೆಣಸಿನ ಬಳ್ಳಿಗೆ ಹಾಲುವಾಣ, ಬೇಲಿಗೆ ಲಕ್ಕಿ ಮತ್ತು ಗ್ಲಿರಿಸಿಡಿಯ ಊರುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅದೇ ಲಕ್ಕಿಯ ಗೂಟ ನೇಪಾಳದ ಗುಡ್ಡರಸ್ತೆಗಳಲ್ಲಿ ಧರೆ ಹಿಡಿಯಲು ಬಳಕೆಯಲ್ಲಿದೆ. ಅಲ್ಲಿನ ರಸ್ತೆ ಇಲಾಖೆ ಈ ವಿದ್ಯೆಗೆಂದೇ 1999ರಲ್ಲಿ ಕೈಪಿಡಿ ಹೊರತಂದಿತು.

ಕಡ್ಡಿ ಚುಚ್ಚಿದರೆ ಗುಡ್ಡ ನಿಲ್ಲುತ್ತದೆಯೇ ಎಂಬ ಗೇಲಿಗೆ ಉತ್ತರ ದಂಡ. ಭೂವಿಜ್ಞಾನಿಗಳ ಆಕ್ಷೇಪ ಮಾತ್ರ ತೂಕದ್ದು: ಬೇರಿನ ಹಿಡಿತ ಹೆಚ್ಚೆಂದರೆ ಒಂದೆರಡು ಮೀಟರ್, ಅದಕ್ಕಿಂತ ಆಳದಲ್ಲಿ ಪದರ ಜಾರಿದರೆ ಮರವೂ ಅದರ ಜೊತೆಗೇ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮರಗಳ ಸಮೇತ ಕಾಫಿ ತೋಟಗಳೇ ಕೆಳಗಿಳಿದವು. ಅಂಥ ಕಡೆ ಗೂಟದ ಮಾತೆತ್ತುವುದೇ ತಪ್ಪು. ಅಲ್ಲಿ ಬೇಕಾದದ್ದು ನೀರಿಗೆ ದಾರಿ ಮಾಡುವುದು, ಅದಕ್ಕೂ ಮೊದಲು ಗುಡ್ಡವನ್ನು ಅಗೆಯದಿರುವುದು. ಹೊಳೆಯ ತಿರುವಿನಲ್ಲಿ ನೀರು ದಂಡೆಯ ಬುಡವನ್ನೇ ಕೊರೆಯುತ್ತಿದ್ದರೆ ಮೊದಲು ಕಲ್ಲು ಪೇರಿಸಿ, ಸಂದಿನಲ್ಲಿ ಗೂಟ ಊರಬೇಕು. ಮೊದಲ ಮಳೆಯ ಹೊತ್ತಿಗೆ ಬೇರೇ ಇರುವುದಿಲ್ಲವೆಂಬುದೂ ನಿಜ, ಬೇರು ಬಿಡುವ ತನಕ ಹುಲ್ಲು, ನಾರಿನ ಚಾಪೆ ಕಾಯಬೇಕು. ಇಷ್ಟೆಲ್ಲ ಒಪ್ಪಿದ ಮೇಲೂ ಮೇಲ್ಮಣ್ಣಷ್ಟೇ ಜಾರುವ ಸಣ್ಣ ಧರೆಗಳು ಎಷ್ಟೋ ಉಳಿಯುತ್ತವೆ. ಅಲ್ಲಿಯೂ ಗೋಡೆಯೇ ಏಳುವುದು ಲೆಕ್ಕದ ಪುಸ್ತಕದ ದೆಸೆಯಿಂದ. ಗೋಡೆಯನ್ನು ಮುಗಿದ ದಿನವೇ ಅಳೆದು ಬಿಲ್ ಬರೆಯಬಹುದು; ಗೂಟ ಬದುಕಿತೋ ಇಲ್ಲವೋ ತಿಳಿಯಲು ಎರಡು ಮಳೆಗಾಲ ಕಾಯಬೇಕು. ಹಾಗಾಗಿ ಟೆಂಡರಿನಲ್ಲೇ ಬರೆಯಲಿ: ಕೊನೆಯ ಕಂತು ಎರಡನೇ ಮಳೆಗಾಲ ಕಳೆದ ಮೇಲೆ, ಚಿಗುರಿದ ಗೂಟ ಎಣಿಸಿಯೇ ಪಾವತಿ, ಸತ್ತದ್ದನ್ನು ಮತ್ತೆ ಊರುವ ಖರ್ಚು ಗುತ್ತಿಗೆದಾರನದು.