ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಹೊತ್ತು?

ಮಗಳು 9ನೇ ತಾರೀಖು ರಾತ್ರಿ ಎಂಟೂವರೆಗೆ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟು, 11ನೇ ತಾರೀಖು ನಸುಕಿನ ಮೂರಕ್ಕೆ ಬೆಂಗಳೂರಿನಲ್ಲಿ ಇಳಿಯುತ್ತಾಳೆ ಎಂದರೆ ತಾಯಿಗೆ ಗಾಬರಿಯಾಗುವುದು ಸಹಜ. ಮೂವತ್ತು ಗಂಟೆ ಕೂತಲ್ಲೇ ಕೂತಿರಬೇಕೆ? ಬೇಕಿಲ್ಲ. 2021ರ ಜನವರಿ 9ರಂದು ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಎಲ್ಲೂ ಇಳಿಯದೆ ಬೆಂಗಳೂರು ತಲುಪಲು ತೆಗೆದುಕೊಂಡದ್ದು ಸುಮಾರು 17 ಗಂಟೆ. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಸೇರಿದಂತೆ ಅದರ ನಾಲ್ವರು ಪೈಲಟ್‌ಗಳೂ ಮಹಿಳೆಯರೇ. ಅವರು ಹಿಡಿದದ್ದು ಉತ್ತರ ಧ್ರುವದ ಮೇಲಿನ ದಾರಿ.

ಬೆಂಗಳೂರಿಗೆ ಬರುವವರು ಧ್ರುವಕ್ಕೆ ಏಕೆ ಹೋಗಬೇಕು? ಗೋಡೆಯ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ಎರಡು ಊರುಗಳ ನಡುವೆ ಗೆರೆ ಎಳೆಯಿರಿ. ಅಟ್ಲಾಂಟಿಕ್ ಸಾಗರ, ಸಹಾರಾ ಮರುಭೂಮಿ ದಾಟಿ ಬರುವ ಆ ದಾರಿ ಸುಮಾರು 20,000 ಕಿಲೋಮೀಟರು. ಪೆಸಿಫಿಕ್ ಸಾಗರದ ಕಡೆಯಿಂದ ಎಳೆದರೆ 16,000. ಎರಡೂ ಹತ್ತಿರದ ದಾರಿಯಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಆದ ಎಡವಟ್ಟು ಇದು.

ಈಗ ಶಾಲೆಯ ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಅಲಾಸ್ಕಾ, ಸೈಬೀರಿಯಾ, ಚೀನಾ, ಹಿಮಾಲಯದ ಮೇಲೆ ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರು.

ಧ್ರುವದ ದಾರಿಯ ಲೆಕ್ಕವಂತೂ ಹೈಸ್ಕೂಲು ಹುಡುಗರೇ ಮಾಡಬಹುದು. ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಅಕ್ಷಾಂಶ 37.6 ಡಿಗ್ರಿ, ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಬೆಂಗಳೂರಿನದು 13.2, ಧ್ರುವದಿಂದ ಇಲ್ಲಿಗೆ 76.8. ಕೂಡಿದರೆ 129.2. ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ 14,341. ದಾರದ ದಾರಿಗಿಂತ ಮುನ್ನೂರು ಚಿಲ್ಲರೆ ಕಿಲೋಮೀಟರು ಹೆಚ್ಚು ಬಂತಲ್ಲ ಎನ್ನಬೇಡಿ. ದಾರಿ ಗೊತ್ತುಮಾಡುವಾಗ ಗಾಳಿಯನ್ನೂ ನೋಡಬೇಕು. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತಿರುತ್ತದೆ. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಲು, ಹಿಂದಿರುಗುವುದಕ್ಕಿಂತ ಸುಮಾರು ಒಂದು ಗಂಟೆ ಹೆಚ್ಚು ಬೇಕಾಗುವುದು ಇದರಿಂದಲೇ. ದೂರ ಅದೇ, ಹೊತ್ತು ಬೇರೆ.

ಇನ್ನು ತಾಯಿಯ ಮೂವತ್ತು ಗಂಟೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಅಲ್ಲಿನ ಗಡಿಯಾರದ್ದು, ಇಳಿಯುವ ಹೊತ್ತು ಇಲ್ಲಿನದು. ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಹನ್ನೆರಡೂವರೆ. ಮಗಳು ಹೊರಟಾಗ ನಮ್ಮಲ್ಲಿ ಆಗಲೇ 10ನೇ ತಾರೀಖು ಬೆಳಿಗ್ಗೆ ಹತ್ತು ಗಂಟೆ. ಅದಕ್ಕೆ ಹದಿನೇಳು ಕೂಡಿಸಿ: 11ರ ನಸುಕಿನ ಮೂರು. ಕರೆತರಲು ದೇವನಹಳ್ಳಿಗೆ ಹೋಗುವ ಅಪ್ಪ 10ರ ರಾತ್ರಿ ಊಟ ಮುಗಿಸಿ ಹೊರಟರೆ ಸಾಕು.