ಹಳೆಯ ಬಸ್ಸೂ ದೂರದ ಗಿರಾಕಿಯೂ

ಹಸುವನ್ನು ಕೊಳ್ಳಹೋದವರು ಮೊದಲು ಕೇಳುವ ಪ್ರಶ್ನೆಯು ಹಾಲಿನ ವಿಷಯದ್ದಲ್ಲ, "ಇಷ್ಟು ಒಳ್ಳೆಯ ಹಸುವಾದರೆ ಮಾರುವುದೇಕೆ?" ಎಂಬುದು. ಉತ್ತರ ಕೊಡುವವನು ತಡವರಿಸಿದನೆಂದರೆ, ಬಂದವರು ಹಗ್ಗವನ್ನು ಮುಟ್ಟದೆ ಹಿಂದಿರುಗುವರು. ಈ ತಿಂಗಳು ನಾವು ಬರೆಯಹೊರಟಿರುವುದು ಹಸುವಿನ ವಿಚಾರವಲ್ಲ, ಬಸ್ಸಿನ ವಿಚಾರ. ಆದರೆ ಪ್ರಶ್ನೆಯು ಅದೇ ಆಗಿರುತ್ತದೆ.

ನಮ್ಮಲ್ಲಿ ಓದಿದ ಹುಡುಗನೊಬ್ಬನು ಜಪಾನು ದೇಶದ ಯೊಕೊಹಾಮ ಬಂದರಿನ ಸಮೀಪದಲ್ಲಿ, ಹಳೆಯ ವಾಹನಗಳನ್ನು ಪರದೇಶಗಳಿಗೆ ಕಳುಹಿಸುವ ವರ್ತಕರೊಬ್ಬರ ಬಳಿ ಕೆಲಸದಲ್ಲಿರುವನು. ಶಬ್ದರೂಪಗಳನ್ನು ಒಪ್ಪಿಸುವುದರಲ್ಲಿ ಅವನು ಅಷ್ಟೇನೂ ಗಟ್ಟಿಗನಲ್ಲ; ಲೆಕ್ಕದಲ್ಲಿ ಚುರುಕು. ಮೊನ್ನೆ ರಜೆಯಲ್ಲಿ ಊರಿಗೆ ಬಂದವನು ನಮ್ಮ ಜಗಲಿಯ ಮೇಲೆ ಎರಡು ಗಂಟೆಯ ಕಾಲ ಕುಳಿತು ತನ್ನ ವ್ಯಾಪಾರದ ಸಂಗತಿಗಳನ್ನು ಹೇಳಿದನು.

ಜಪಾನಿನಲ್ಲಿ ಬಸ್ಸುಗಳು ವರ್ಷಕ್ಕೊಮ್ಮೆ ಕಡ್ಡಾಯವಾದ ಪರೀಕ್ಷೆಗೆ ಒಳಗಾಗತಕ್ಕವು. ಇದಲ್ಲದೆ ವಾಹನಗಳ ಹೊಗೆಯ ಮೇಲೆ 1992ರಲ್ಲಿ ಒಂದು ಕಾಯಿದೆಯು ಹುಟ್ಟಿ, 2001ರಲ್ಲಿ ಬಿಗಿಯಾಯಿತು. 2003ರ ಅಕ್ಟೋಬರಿನಿಂದ ಟೋಕಿಯೋ ನಗರವೂ ಅದರ ನೆರೆಯ ಪ್ರಾಂತಗಳೂ ಮಿತಿ ಮೀರಿ ಹೊಗೆಯುಗುಳುವ ಡೀಸೆಲ್ ವಾಹನಗಳನ್ನು ತಮ್ಮ ಬೀದಿಗಳಲ್ಲಿ ಓಡಗೊಡದಾದವು. ಹೀಗಾಗಿ ಇನ್ನೂ ಹತ್ತು ವರ್ಷ ದುಡಿಯಬಲ್ಲ ಬಸ್ಸು ಕೂಡ ಮನೆಬಿಟ್ಟು ಹೊರಡಬೇಕಾಗುತ್ತದೆ. ಮಾರುವುದೇಕೆ ಎಂಬ ಪ್ರಶ್ನೆಗೆ ಇದು ಮರ್ಯಾದೆಯ ಉತ್ತರ. ಆದರೆ ಕೆಟ್ಟ ಬಸ್ಸನ್ನು ಮಾರುವವನೂ ಇದೇ ಉತ್ತರವನ್ನೇ ಕೊಡುವನಲ್ಲ!

ಜಪಾನಿನಲ್ಲಿ ನಮ್ಮಲ್ಲಿಯಂತೆಯೇ ವಾಹನಗಳು ರಸ್ತೆಯ ಎಡಗಡೆಯಲ್ಲಿ ಚಲಿಸುತ್ತವೆ. ಪೂರ್ವ ಆಫ್ರಿಕದ ಕೀನ್ಯ, ಟಾಂಜಾನಿಯ, ಉಗಾಂಡಗಳಲ್ಲಿಯೂ ಹಾಗೆಯೇ. ಆದುದರಿಂದ ಅಲ್ಲಿನ ಹಳೆಯ ವಾಹನಗಳಿಗೆ ಇಲ್ಲಿ ಗಿರಾಕಿ ಬಹಳ. ಕೀನ್ಯದಲ್ಲಿ ಮಟಾಟು, ಟಾಂಜಾನಿಯದಲ್ಲಿ ಡಾಲಾಡಾಲಾ ಎಂದು ಜನರು ಕರೆಯುವ ಬಾಡಿಗೆಯ ಸಣ್ಣ ಬಸ್ಸುಗಳಲ್ಲಿ ಟೊಯೋಟ ಹಯಾಸ್ ಎಂಬವು ಲೆಕ್ಕವಿಲ್ಲದಷ್ಟು ಉಂಟು. ಕೊಳ್ಳುವವನು ದೊಡ್ಡ ಧನಿಕನೆಂದು ವಾಚಕರು ಭಾವಿಸಬಾರದು. ಅನೇಕ ವೇಳೆ ಅಣ್ಣತಮ್ಮಂದಿರ ಉಳಿತಾಯವನ್ನೆಲ್ಲ ಕೂಡಿಸಿ, ಸಾಲವನ್ನೂ ಎತ್ತಿ, ಒಂದೇ ಒಂದು ಬಸ್ಸನ್ನು ತರಿಸುವವನು ಅವನು. ಹಣವು ಮೊದಲು ಹೋಗುತ್ತದೆ. ಬಸ್ಸು ವಾರಗಟ್ಟಲೆ ಸಮುದ್ರದ ಮೇಲಿದ್ದು ಅನಂತರ ಬರುತ್ತದೆ. ಬೇರೊಬ್ಬರ ಬಸ್ಸಿನ ಚಿತ್ರವನ್ನು ತೋರಿಸಿ, ಮುಂಗಡವನ್ನು ನುಂಗಿ ಮಾಯವಾಗುವ ವಂಚಕರೂ ಈ ವ್ಯಾಪಾರದಲ್ಲಿ ಉಂಟು.

ನೋಡದೆ ಕೊಳ್ಳುವವನ ಕಷ್ಟವನ್ನು ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ದೃಷ್ಟಾಂತದಿಂದಲೇ ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಒಳ್ಳೆಯದಾವುದು ಕೆಟ್ಟದಾವುದು ಎಂದು ತಿಳಿಯಲಾರದ ಗಿರಾಕಿಯು ನಡುವಿನ ಬೆಲೆಯನ್ನು ಕೊಡಬಯಸುವನು. ಆ ಬೆಲೆಗೆ ಒಳ್ಳೆಯ ವಾಹನದ ಒಡೆಯನು ಮಾರಲೊಲ್ಲನು. ಕಡೆಗೆ ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಇವರು ಆ ಪ್ರಬಂಧದಲ್ಲಿ ನಮ್ಮ ದೇಶದ ಗೃಹಿಣಿಯನ್ನೂ ಮರೆತಿಲ್ಲ. ಅಂಗಡಿಯ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣದ ಕಲ್ಲುಗಳನ್ನು ಅವಳು ಆರಿಸಬೇಕಾದುದನ್ನು ಹೇಳಿರುವರು. ಮೊರದ ಮುಂದೆ ಕುಳಿತವರಿಗೆ ಈ ಶಾಸ್ತ್ರವನ್ನು ಯಾರೂ ಬೋಧಿಸಬೇಕಾದುದಿಲ್ಲ. ಬಸ್ಸನ್ನು ಮಾತ್ರ ಮೊರದಲ್ಲಿ ಕೇರಲಾಗದು.

ನಮ್ಮ ಹಿಂದಿನವರು ಪರೀಕ್ಷೆಗೆ ಅವಧಿಯನ್ನು ಗೊತ್ತುಮಾಡಿದ್ದರು. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಕೊಂಡವನು ಬೀಜವನ್ನು ಹತ್ತು ದಿನ, ಕಬ್ಬಿಣವನ್ನು ಒಂದು ದಿನ, ಹೊರೆ ಎಳೆಯುವ ಎತ್ತು ಮೊದಲಾದುವನ್ನು ಐದು ದಿನ, ಕರೆಯುವ ಹಸುವನ್ನು ಮೂರು ದಿನ ಪರೀಕ್ಷಿಸಬಹುದು. ನಮ್ಮ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ. ಬಸ್ಸು ಕಬ್ಬಿಣವೂ ಹೌದು, ಹೊರೆ ಎಳೆಯುವುದೂ ಹೌದು. ಅದಕ್ಕೆ ಒಂದು ದಿನವೋ ಐದು ದಿನವೋ ಎಂದು ನಾವು ಕೇಳಲು, ಶಿಷ್ಯನು ನಕ್ಕು, "ಒಂದು ಗಳಿಗೆಯೂ ಇಲ್ಲ ಮೇಷ್ಟ್ರೇ, ಹಡಗು ಹತ್ತಿದ ಮೇಲೆ ಮುಗಿಯಿತು" ಎಂದನು.

ಹಾಗಾದರೆ ಬ್ಯಾಂಕು ನಡುವೆ ನಿಲ್ಲುವುದಿಲ್ಲವೇ? ನಿಲ್ಲುತ್ತದೆ. ಲೆಟರ್ ಆಫ್ ಕ್ರೆಡಿಟ್ ಎಂಬ ಏರ್ಪಾಟಿನಲ್ಲಿ, ಸರಕನ್ನು ಹಡಗಿಗೇರಿಸಿದ ರಸೀದಿ ಮೊದಲಾದ ಕಾಗದಗಳು ಸರಿಯಾಗಿದ್ದರೆ ಬ್ಯಾಂಕು ಮಾರಿದವನಿಗೆ ಹಣ ಕೊಡುತ್ತದೆ. ಆದರೆ ಅದು ನೋಡುವುದು ಕಾಗದವನ್ನೇ ಹೊರತು ಸರಕನ್ನಲ್ಲ. ನ್ಯೂಯಾರ್ಕಿನ ನ್ಯಾಯಾಲಯದಲ್ಲಿ 1941ರಲ್ಲಿ ಇಂತಹ ಒಂದು ಮೊಕದ್ದಮೆ ನಡೆಯಿತು. ಲಕ್ನೋದ ವರ್ತಕನು ಬ್ರಷ್ಷಿಗಾಗುವ ಹಂದಿಯ ಕೂದಲೆಂದು ಹೇಳಿ, ಐವತ್ತು ಪೆಟ್ಟಿಗೆಗಳಲ್ಲಿ ಹಸುವಿನ ಕೂದಲನ್ನೂ ಕಸವನ್ನೂ ತುಂಬಿ ಕಳುಹಿಸಿದನೆಂಬುದು ಗಿರಾಕಿಯ ದೂರು. ಹಣ ಸಲ್ಲುವುದಕ್ಕೆ ಮೊದಲೇ ವಂಚನೆಯು ಬ್ಯಾಂಕಿಗೆ ತಿಳಿದಿದ್ದರೆ, ಕಾಗದವು ಸರಿಯಾಗಿದೆಯೆಂಬುದು ವಂಚಕನಿಗೆ ಆಸರೆಯಾಗಲಾರದೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ದೂರು ನಮ್ಮ ದೇಶದವನ ಮೇಲೆ ಎಂಬುದನ್ನು ಬರೆಯಲು ನಮಗೆ ಸಂತೋಷವೇನೂ ಇಲ್ಲ. ಅದಿರಲಿ, ಒಂದೇ ಬಸ್ಸನ್ನು ಕೊಳ್ಳುವ ಬಡವನಿಗೆ ಬ್ಯಾಂಕಿನ ಈ ಏರ್ಪಾಟಿನ ಖರ್ಚೇ ಭಾರವಾಗಿ, ಅವನು ಬರಿಯ ನಂಬಿಕೆಯಿಂದ ಹಣ ಕಳುಹಿಸುವುದೇ ಹೆಚ್ಚು.

ನಂಬಲು ಏನೂ ಇಲ್ಲದಿದ್ದಾಗ ಜನರು ಗುರುತುಗಳನ್ನು ನಂಬುತ್ತಾರೆ. ಬರ್ಮಾ, ಎಂದರೆ ಈಗಿನ ಮ್ಯಾನ್ಮಾರ್ ದೇಶವು 1970ರಲ್ಲಿ ವಾಹನಗಳನ್ನು ರಸ್ತೆಯ ಬಲಗಡೆಗೆ ಹೊರಳಿಸಿತು. ಆದರೂ ಜಪಾನಿನ ಹಳೆಯ ಬಸ್ಸುಗಳೇ ಅಲ್ಲಿಗೆ ಬಂದು, ಅವುಗಳ ಬಾಗಿಲು ಬೀದಿಯ ನಡುವಿಗೆ ತೆರೆಯುತ್ತಿದ್ದಿತು. ಅವುಗಳ ಮೈಮೇಲಿನ ಜಪಾನೀ ಅಕ್ಷರಗಳನ್ನು ಒಡೆಯರು ಅಳಿಸದೆ ಬಿಡುತ್ತಿದ್ದರು. ಅಸಲಿ ಮಾಲೆಂಬುದಕ್ಕೆ ಅದೇ ಸಾಕ್ಷಿ. ಯಾಂಗೋನ್ ನಗರದ ಬಸ್ಸಿನ ವ್ಯವಸ್ಥೆಯನ್ನು 2017ರ ಜನವರಿಯಲ್ಲಿ ಹೊಸದಾಗಿ ಏರ್ಪಡಿಸಿದರು.

ಅಕ್ಷರಕ್ಕಿಂತ ಗಟ್ಟಿಯಾದ ಸಾಕ್ಷಿಯೂ ಇಲ್ಲದಿಲ್ಲ. ಜಪಾನಿನ ಹರಾಜು ಕಟ್ಟೆಗಳಲ್ಲಿ ಪರೀಕ್ಷಕನು ವಾಹನವನ್ನು ಸುತ್ತಿ ನೋಡಿ, ಅದರ ಆಕೃತಿಯನ್ನು ಬರೆದ ಹಾಳೆಯ ಮೇಲೆ ಗೀರಿಗೊಂದು, ತಗ್ಗಿಗೊಂದು, ತುಕ್ಕಿಗೊಂದು ಅಕ್ಷರವನ್ನು ಗುರುತಿಸಿ, ಒಟ್ಟಿನಲ್ಲಿ ಒಂದು ದರ್ಜೆಯನ್ನು ಕೊಡುವನು. ನಮ್ಮ ಶಿಷ್ಯನು ಮೊದಲು ಕಲಿತುದು ಈ ಹಾಳೆಯನ್ನು ಮುಚ್ಚದೆ ಗಿರಾಕಿಗೆ ಕಳುಹಿಸುವುದನ್ನು. ಎರಡನೆಯದಾಗಿ ವರ್ಷದ ಲೆಕ್ಕ. ಅಲ್ಲಿನ ಕಾಗದಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ಶಕವನ್ನು ಬರೆಯುವ ಪದ್ಧತಿಯುಂಟು. ಹೇಸೇ 20 ಎಂದರೆ 2008, ರೇವಾ 1 ಎಂದರೆ 2019. ಶಾಲಿವಾಹನ ಶಕವನ್ನು ಬಲ್ಲ ನಮಗೆ ಇದು ವಿಚಿತ್ರವಲ್ಲ. ಪರದೇಶದ ಗಿರಾಕಿಗೆ ಮಾತ್ರ ಕತ್ತಲೆ. ಕೀನ್ಯದಂತಹ ದೇಶವು ಎಂಟು ವರ್ಷಕ್ಕಿಂತ ಹಳೆಯ ವಾಹನವನ್ನು ಒಳಗೆ ಬಿಡುವುದಿಲ್ಲವಾದುದರಿಂದ, ಲೆಕ್ಕದಲ್ಲಿ ಒಂದು ವರ್ಷ ತಪ್ಪಿದರೂ ಅವನ ಗಂಟು ಬಂದರಿನಲ್ಲಿಯೇ ಮುಳುಗಿತು. ಓಟದ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ಕೈಚಳಕವೂ ಈ ವ್ಯಾಪಾರದಲ್ಲಿದೆ; ಆದರೆ ಪರೀಕ್ಷೆಯ ಪತ್ರದಲ್ಲಿ ಆ ಅಂಕಿಯು ದಾಖಲಾಗುವುದರಿಂದ, ಎರಡನ್ನೂ ಜೊತೆಯಲ್ಲಿಟ್ಟು ತೋರಿಸುವವನನ್ನು ನಂಬಬಹುದು.

ಇನ್ನು ತುಕ್ಕು. ಜಪಾನಿನ ಉತ್ತರದಲ್ಲಿ ಹಿಮ ಬಿದ್ದಾಗ ಅದು ಹೆಪ್ಪುಗಟ್ಟದಂತೆ ರಸ್ತೆಗೆ ಉಪ್ಪನ್ನು ಎರಚುವರು. ಆ ಉಪ್ಪು ಬಸ್ಸಿನ ತಳವನ್ನು ತಿನ್ನುತ್ತದೆ. ಮೇಲಿನ ಬಣ್ಣವು ಮಾತ್ರ ಕನ್ನಡಿಯಂತೆ ಇರುತ್ತದೆ. ಅಂತಹ ಪ್ರಾಂತದಿಂದ ಬಂದ ಇಪ್ಪತ್ತೊಂಬತ್ತು ಆಸನಗಳ ಒಂದು ಬಸ್ಸನ್ನು ದಾರ್ ಎಸ್ ಸಲಾಮಿನ ಗಿರಾಕಿಗೆ ತೋರಿಸಬೇಕಾಗಿ ಬಂದಿತು. ತಳಕ್ಕೆ ಕಪ್ಪು ಬಣ್ಣ ಬಳಿದುಬಿಡೆಂದು ಯಜಮಾನರ ಸೂಚನೆ. ನಮ್ಮ ಹುಡುಗನು ಬಣ್ಣ ಬಳಿಯುವ ಮೊದಲೇ ಕೆಳಗೆ ನುಸುಳಿ, ತುಕ್ಕಿನ ಚಿತ್ರಗಳನ್ನು ತೆಗೆದು, ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದ ಶಬ್ದವನ್ನೂ ಹಿಡಿದು ಕಳುಹಿಸಿದನು. ಹನ್ನೊಂದು ದಿನ ಉತ್ತರವಿಲ್ಲ. ಯಜಮಾನರು ಕೂಗಾಡಿದರು. ಹನ್ನೆರಡನೆಯ ದಿನ ಬಂದ ಕಾಗದದಲ್ಲಿ ಒಂದೇ ಪ್ರಶ್ನೆ: ಇನ್ನೇನಿದೆ? ತಂಪು ಮಾಡುವ ಯಂತ್ರವು ಸದ್ದು ಮಾಡುತ್ತದೆಂದು ಇವನು ಬರೆದನು. ಬೆಲೆಯು ಸ್ವಲ್ಪ ಇಳಿದು, ಬಸ್ಸು ಹಡಗನ್ನೇರಿತು.

ಅಲ್ಲಿ ಇಳಿದಾಗ ಜಾಕಿಯೂ ಹೆಚ್ಚುವರಿ ಚಕ್ರವೂ ಇರಲಿಲ್ಲ. ದಾರಿಯಲ್ಲಿ ಯಾರ ಕೈಸೇರಿದವೋ! ಹಡಗಿನವರನ್ನು ಕೇಳಿಕೊಳ್ಳೆಂದು ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಇವನು ತನ್ನ ಸಂಬಳದಿಂದ ಎರಡನ್ನೂ ಕೊಂಡು ಇನ್ನೊಂದು ವಾಹನದ ಜೊತೆಯಲ್ಲಿ ಕಳುಹಿಸಿಕೊಟ್ಟನು. "ಯಜಮಾನರಿಗೆ ಹೇಳಿದೆಯಾ?" ಎಂದು ನಾವು ಕೇಳಿದೆವು. "ಇಲ್ಲ, ಹೇಳಿದ್ದರೆ ಬೇಡವೆನ್ನುತ್ತಿದ್ದರು" ಎಂದನು. ಇದನ್ನು ಮೆಚ್ಚಬೇಕೋ ಗದರಬೇಕೋ ನಮಗೆ ತೋರದೆ, ಇನ್ನೊಂದು ಲೋಟ ಕಾಫಿಯನ್ನು ತರಿಸಿದೆವು.

ಕಳೆದ ವಾರ ಅವನ ಕಾಗದ ಬಂದಿದೆ. ದಾರ್ ಎಸ್ ಸಲಾಮಿನ ಗಿರಾಕಿಯ ಭಾವಮೈದುನನೂ ಒಂದು ಬಸ್ಸನ್ನು ಕೇಳಿರುವನಂತೆ. ಮೇಲಿನ ಚಿತ್ರಗಳಿಗೆ ಅವಸರವಿಲ್ಲ, ತಳದ ಚಿತ್ರಗಳನ್ನು ಮೊದಲು ಕಳುಹಿಸತಕ್ಕದ್ದೆಂದು ಬರೆದಿರುವನಂತೆ.