ಗುಲಗಂಜಿ ತೂಕದ ಕಬ್ಬಿಣ

ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ‘ಆಯಿಲ್ ಕಪ್ಪಾಗೈತೆ, ಕೆಟ್ಟೋಗೈತೆ’ ಎಂಬ ತೀರ್ಪು ಎಷ್ಟು ಸಲೀಸಾಗಿ ಕೇಳಿಬರುತ್ತದೆಯೋ, ಬಳಸಿದ ಎಂಜಿನ್ ಆಯಿಲ್ಲಿನ ಪರೀಕ್ಷಾ ವರದಿಯನ್ನು ಕೈಯಲ್ಲಿ ಹಿಡಿದ ಕಾರಿನ ಮಾಲೀಕರ ಬಾಯಿಂದ ‘ಕಬ್ಬಿಣ 50 ಬಂದಿದೆ, ಎಂಜಿನ್ ಹೋಯಿತು’ ಎಂಬ ಮಾತೂ ಅಷ್ಟೇ ಸಲೀಸಾಗಿ ಹೊರಡುತ್ತದೆ. ಒಂದು ಬಣ್ಣವನ್ನು ನಂಬಿದ ತೀರ್ಪು, ಇನ್ನೊಂದು ಸಂಖ್ಯೆಯನ್ನು ನಂಬಿದ ತೀರ್ಪು. ವಿಚಾರಣೆ ಎರಡರಲ್ಲಿಯೂ ನಡೆದಿಲ್ಲ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇರುವ ಕಾರಿನ ಎಣ್ಣೆ ಬೇಗ ಕಪ್ಪಾಗುವುದು ಬಹುಮಟ್ಟಿಗೆ ಇಂಧನ ಉರಿದು ಹುಟ್ಟಿದ ಮಸಿಯ ಕಣಗಳು ಒಂದೆಡೆ ಗಟ್ಟಿಕಟ್ಟದಂತೆ ಅದು ತನ್ನೊಳಗೆ ಚದುರಿಸಿ ಹಿಡಿದಿಡುವುದರಿಂದ, ಎಂದರೆ ತನಗೆ ವಹಿಸಿದ ಕೆಲಸವನ್ನು ಮಾಡುತ್ತಿರುವುದರಿಂದ.

ಸಂಖ್ಯೆಯನ್ನೂ ತೂಗಿ ನೋಡಬೇಕು. ವರದಿಯ 50 ಎಂಬುದು ಪಿ.ಪಿ.ಎಂ. ಲೆಕ್ಕ, ಎಂದರೆ ತೂಕದಲ್ಲಿ ಹತ್ತು ಲಕ್ಷಕ್ಕೆ 50 ಭಾಗ. ನಾಲ್ಕು ಲೀಟರ್ ಎಣ್ಣೆ ಸುಮಾರು 3.4 ಕಿಲೊ ತೂಗುವುದರಿಂದ ಅದರಲ್ಲಿರುವ ಕಬ್ಬಿಣ 170 ಮಿಲಿಗ್ರಾಂ. ಅಕ್ಕಸಾಲಿಗರ ಹಳೆಯ ತಕ್ಕಡಿಯಲ್ಲಿ ಒಂದು ಗುಲಗಂಜಿ ಸುಮಾರು 121 ಮಿಲಿಗ್ರಾಂ ಎಂದಾದರೆ, ಇದು ಒಂದೂವರೆ ಗುಲಗಂಜಿಗೂ ತುಸು ಕಡಿಮೆ. 10,000 ಕಿ.ಮೀ. ಓಟದಲ್ಲಿ ಇಷ್ಟು ಸವೆದಿದ್ದರೆ ಗಾಬರಿಪಡಬೇಕಾಗಿಲ್ಲ, 1,000 ಕಿ.ಮೀ. ಓಟದಲ್ಲಿ ಸವೆದಿದ್ದರೆ ಸುಮ್ಮನಿರುವಂತಿಲ್ಲ. ಓಡಿದ ದೂರವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಹೇಳುವವರು ಏನನ್ನೂ ಹೇಳಿದಂತಾಗುವುದಿಲ್ಲ.

ಇಲ್ಲಿ ‘ಎಣ್ಣೆ’ ಎಂದೇ ಬರೆಯುತ್ತಿರುವುದು ಉದ್ದೇಶಪೂರ್ವಕವಾಗಿ. ಎಣ್ಣೆ ಅಡುಗೆಮನೆಯದು, ತೈಲ ಶಾಸ್ತ್ರದ್ದು ಎಂಬ ಭಾವನೆಯಿಂದ ಎಂಜಿನ್ನಿನ ಎಣ್ಣೆಗೆ ‘ಯಂತ್ರತೈಲ’ ಎಂಬ ಅಂಗಿ ತೊಡಿಸುವ ರೂಢಿಯ ಬಗ್ಗೆ ಈ ಅಂಕಣ ಹಿಂದೆಯೂ ತಕರಾರು ಎತ್ತಿದೆ, ಮತ್ತೆ ಎತ್ತುವುದು ಅನಿವಾರ್ಯವಾಗಿದೆ. ಎಳ್ ಮತ್ತು ನೆಯ್ ಸೇರಿ ಎಣ್ಣೆಯಾಯಿತು, ಎಳ್ಳಿನ ಜಿಡ್ಡು ಎಂದು ಅದರ ಅರ್ಥ. ಬೆಳ್ ಮತ್ತು ನೆಯ್ ಸೇರಿ, ದಾವಣಗೆರೆಯ ದೋಸೆಗೆ ಹೆಸರು ತಂದ ಬೆಣ್ಣೆಯಾಯಿತು, ಬಿಳಿಯ ಜಿಡ್ಡು. ತೆಲುಗಿನ ನೂನೆಯಲ್ಲಿಯೂ ನುವ್ವು, ಎಂದರೆ ಎಳ್ಳೇ, ಅಡಗಿದೆ. ಸಂಸ್ಕೃತದ ತೈಲ ಹುಟ್ಟಿದ್ದು ತಿಲದಿಂದ, ಅದೂ ಎಳ್ಳೇ. ಹಾಗಿರುವಾಗ ಎಣ್ಣೆಯನ್ನು ಬಿಟ್ಟು ತೈಲಕ್ಕೆ ಹೋದವರು ಒಂದೇ ಗಾಣದ ಸುತ್ತ ಇನ್ನೊಂದು ಸುತ್ತು ಬಂದಂತಾಯಿತೇ ಹೊರತು ಮುಂದೆ ಹೋಗಲಿಲ್ಲ. ಇಂಗ್ಲಿಷಿನ ಆಯಿಲ್ ಎಂಬ ಪದದ ಬೇರು ಆಲಿವ್ ಮರದಲ್ಲಿದೆ. ಕ್ಯಾಸ್ಟ್ರಾಲ್ ಎಂಬ ಹೆಸರಿನ ಬೇರು ಕ್ಯಾಸ್ಟರ್ ಆಯಿಲ್‌ನಲ್ಲಿ, ಎಂದರೆ ನಮ್ಮ ಹರಳೆಣ್ಣೆಯಲ್ಲಿದೆ. ಇಷ್ಟೆಲ್ಲ ಹೆಸರುಗಳು ಜಿಡ್ಡು ಎಲ್ಲಿಂದ ಬಂತೆಂಬುದನ್ನು ಹೇಳಿದರೆ, ಬಂಡಿಯ ಅಚ್ಚಿಗೆ ಹಾಕುವ ‘ಕೀಲೆಣ್ಣೆ’ಯೊಂದು ಮಾತ್ರ ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಹೇಳುತ್ತದೆ. ಎಂಜಿನ್ ಆಯಿಲ್ಲಿಗೆ ಇದಕ್ಕಿಂತ ಒಪ್ಪುವ ಕನ್ನಡ ಪದವಿಲ್ಲ.

ಪದಗಳ ಈ ಸುತ್ತಾಟ ವರದಿಯ ಓದಿಗೂ ದಾರಿ ತೋರಿಸುತ್ತದೆ. ಎಣ್ಣೆ ಕೆಟ್ಟಿದೆಯೇ, ಬದಲಿಸಬೇಕೇ ಎಂದು ಎಲ್ಲರೂ ಕೇಳುತ್ತಾರಾದರೂ ವರದಿ ಉತ್ತರಿಸಬಲ್ಲ ದೊಡ್ಡ ಪ್ರಶ್ನೆ ಅದಲ್ಲ. ಎಣ್ಣೆಯಲ್ಲಿ ಸಿಕ್ಕ ಲೋಹ ಯಾವ ಕೀಲಿನಿಂದ ಬಂತು ಎಂಬುದೇ ಆ ಪ್ರಶ್ನೆ. 1941ರಲ್ಲಿ ನೆರೆಯ ಹರಿಹರದಲ್ಲಿ ನೆಲೆಯೂರಿ, ಯಂತ್ರಾಪುರವೆಂಬ ಊರಿನ ಹೆಸರಿಗೇ ಕಾರಣವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ತಯಾರಿಸಿದ ಕಾರ್ಖಾನೆ. ಅಂಥ ಲೇತಿನ ಮುಂದೆ ನಿಂತು ಪಳಗಿದವರಿಗೆ ಈ ಬಗೆಯ ಓದು ಹೊಸದಲ್ಲ: ಉಕ್ಕಾದರೆ ಸಿಪ್ಪೆ ಸುರುಳಿಯಾಗಿ ಇಳಿಯುತ್ತದೆ, ಬೀಡುಕಬ್ಬಿಣವಾದರೆ ಪುಡಿಯಾಗಿ ಉದುರುತ್ತದೆ, ಹಿತ್ತಾಳೆಯಾದರೆ ಹರಳು ಹರಳಾಗಿ ಸಿಡಿಯುತ್ತದೆ, ಟ್ರೇಯಲ್ಲಿ ಬಿದ್ದುದನ್ನು ನೋಡಿ ಮೇಲೆ ತಿರುಗುತ್ತಿದ್ದುದೇನೆಂದು ಅವರು ಹೇಳಬಲ್ಲರು. ರೈಲ್ವೆಯವರಿಗೂ ಇದು ಹೊಸದಲ್ಲ: ದಾವಣಗೆರೆ–ಹರಿಹರ ಹಳಿಯ ಮೇಲೆ ವರ್ಷಗಟ್ಟಲೆ ಓಡಿದ ಡೀಸೆಲ್ ರೈಲು ಎಂಜಿನ್ನುಗಳೂ ಟರ್ಬೊ ಇದ್ದವುಗಳೇ. ರೈಲ್ವೆಯ ಡೀಸೆಲ್ ಷೆಡ್ಡುಗಳು ಅವುಗಳ ಎಣ್ಣೆಯನ್ನು ಸುಟ್ಟು, ಬೆಳಕಿನ ಗೆರೆಗಳಿಂದ ಲೋಹಗಳನ್ನು ಗುರುತಿಸುವ ಸ್ಪೆಕ್ಟ್ರೋಗ್ರಾಫ್ ಪರೀಕ್ಷೆಯನ್ನು ಕಾರಿನವರಿಗಿಂತ ಬಹಳ ಹಿಂದೆಯೇ ರೂಢಿಸಿಕೊಂಡವು.

ಹೀಗೆ ಓದಿದಾಗ ಲೋಹಗಳು ಒಂಟಿಯಾಗಿ ಮಾತಾಡುವುದಿಲ್ಲ, ಜೊತೆಗಾರರೊಂದಿಗೆ ಮಾತಾಡುತ್ತವೆ. ಕಬ್ಬಿಣದ ಜೊತೆಗೆ ಕ್ರೋಮಿಯಂ ಏರಿದರೆ ಪಿಸ್ಟನ್ನಿನ ರಿಂಗ್ ಮತ್ತು ಸಿಲಿಂಡರಿನ ಲೈನರ್ ಕಡೆ ನೋಡಬೇಕು. ಸಿಲಿಕಾನ್ ಜೊತೆಗೆ ಅಲ್ಯೂಮಿನಿಯಂ ಏರಿದರೆ ರಸ್ತೆಯ ದೂಳು ಏರ್ ಫಿಲ್ಟರನ್ನು ದಾಟಿ ಒಳಗೆ ಬಂದಿರುವ ಸಂಭವ ಹೆಚ್ಚು, ಏಕೆಂದರೆ ಮಣ್ಣಿನಲ್ಲಿ ಅವೆರಡೂ ಇವೆ. ಹೊಸ ಕಾರಿನಲ್ಲಿ ಸಿಲಿಕಾನ್ ಒಂದೇ ಏರಿದ್ದರೆ ಅದು ಜೋಡಣೆಯ ಅಂಟಿನಿಂದ ಬಂದದ್ದಿರಬಹುದು. ತವರದೊಂದಿಗೆ ತಾಮ್ರ ಬಂದರೆ ಬೇರಿಂಗ್ ಅಥವಾ ಟರ್ಬೊದ ಕಂಚಿನ ಬುಷ್ ನೆನಪಾಗಬೇಕು. ತಾಮ್ರ ಒಂಟಿಯಾಗಿ ಬಂದರೆ ಆಯಿಲ್ ಕೂಲರಿನ ಒಳಮೈಯಿಂದ ಕರಗಿದ್ದೂ ಆಗಿರಬಹುದು, ಅದು ಸವೆತವೇ ಅಲ್ಲ. ಸೀಸ ಕಾಣಲಿಲ್ಲವೆಂದು ನೆಮ್ಮದಿಪಡುವಂತೆಯೂ ಇಲ್ಲ, ಇಂದಿನ ಎಷ್ಟೋ ಬೇರಿಂಗುಗಳಲ್ಲಿ ಸೀಸವೇ ಇರುವುದಿಲ್ಲ. ಪೊಟ್ಯಾಸಿಯಂ ಕಂಡ ಕೂಡಲೇ ಕೂಲಂಟ್ ಸೋರಿಕೆಯೆಂದು ಎಂಜಿನ್ ಬಿಚ್ಚಿಸುವುದು ಟರ್ಬೊ ಕಾರಿನ ವಿಷಯದಲ್ಲಿ ದುಬಾರಿ ತಪ್ಪು: ಟರ್ಬೊ ಒತ್ತಿದ ಬಿಸಿಗಾಳಿಯನ್ನು ತಣಿಸುವ ಅಲ್ಯೂಮಿನಿಯಂ ಇಂಟರ್‌ಕೂಲರನ್ನು ಬೆಸೆಯಲು ಬಳಸುವ ಫ್ಲಕ್ಸಿನಲ್ಲಿ ಪೊಟ್ಯಾಸಿಯಂ ಇದ್ದು, ಹೊಸತರಲ್ಲಿ ಅದು ತೊಳೆದುಕೊಂಡು ಎಣ್ಣೆಗೆ ಸೇರುವುದುಂಟು. ಸೋಡಿಯಂ, ಗ್ಲೈಕಾಲ್, ನೀರು ಇವುಗಳ ಸಾಕ್ಷ್ಯವೂ ಜೊತೆಗೆ ಸಿಕ್ಕ ಮೇಲೆ ಸೋರಿಕೆಯ ಮಾತು.

ಇನ್ನು ಸ್ನಿಗ್ಧತೆ, ಎಂದರೆ ಎಣ್ಣೆ ಹರಿಯುವಾಗ ತೋರುವ ಗಟ್ಟಿತನ. 5ಡಬ್ಲ್ಯು-30 ಎಣ್ಣೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್‌ನೊಳಗೆ ಇರಬೇಕು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ.; ದಿನವೂ ಇಷ್ಟೇ ಓಡಿ ನಿಲ್ಲುವ ಕಾರಿನಲ್ಲಿ ಕೂಲಂಟ್ ಕಾದರೂ ಎಣ್ಣೆ ಸಾಕಷ್ಟು ಹೊತ್ತು ಕಾಯುವುದಿಲ್ಲವಾಗಿ, ರಿಂಗುಗಳನ್ನು ದಾಟಿ ಇಳಿದ ಪೆಟ್ರೋಲ್ ಆವಿಯಾಗದೆ ಉಳಿದು ಎಣ್ಣೆಯನ್ನು ತೆಳುಗೊಳಿಸುತ್ತದೆ. ಇತ್ತ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ ಕಾದ ಕೀಲಿನಲ್ಲಿ ಬೆಂದ ಎಣ್ಣೆ ಗಟ್ಟಿಯಾಗುತ್ತದೆ. ತೆಳುವಾಗುವುದೂ ಗಟ್ಟಿಯಾಗುವುದೂ ಒಂದನ್ನೊಂದು ಮುಚ್ಚಿಹಾಕಿದಾಗ ವರದಿಯಲ್ಲಿ 10.5 ಎಂಬ ನೆಮ್ಮದಿಯ ಸಂಖ್ಯೆ ಕಾಣುತ್ತದೆ; ಫ್ಲಾಶ್ ಪಾಯಿಂಟ್, ಎಂದರೆ ಆವಿಗೆ ಕಿಡಿ ಹತ್ತುವ ಉಷ್ಣತೆ, ಇಳಿದಿರುವುದನ್ನೂ ಆಕ್ಸಿಡೀಕರಣ ಏರಿರುವುದನ್ನೂ ಪಕ್ಕದಲ್ಲಿಟ್ಟು ನೋಡಿದವರಿಗಷ್ಟೇ ಎರಡು ಕೇಡುಗಳೂ ಒಟ್ಟಿಗೆ ತಿಳಿಯುತ್ತವೆ.

ವರದಿಗೂ ಮಿತಿಯುಂಟು: ಲೋಹಗಳನ್ನು ಗುರುತಿಸುವ ಸ್ಪೆಕ್ಟ್ರೋಮೀಟರಿಗೆ ಕೆಲವೇ ಮೈಕ್ರಾನ್‌ಗಿಂತ ದಪ್ಪನೆಯ ಚೂರುಗಳು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಸಿಡಿದು ಒಡೆಯುತ್ತಿರುವ ಬೇರಿಂಗ್ ವರದಿಯಲ್ಲಿ ಸಭ್ಯವಾಗಿಯೇ ತೋರಬಹುದು. ಟರ್ಬೊದ ಪುಟ್ಟ ಬುಷ್ ಸವೆದರೂ ಸಂಖ್ಯೆ ಹೆಚ್ಚು ಅಲುಗದು, ಅದಕ್ಕೆ ಶಾಫ್ಟಿನ ಅಲ್ಲಾಟವನ್ನು ಕೈಯಿಂದ ನೋಡುವುದೇ ಮೇಲು. ಉಳಿದಂತೆ ಭರವಸೆ ಇಡಬಹುದಾದದ್ದು ಅದೇ ಕಾರಿನ ಹಿಂದಿನ ವರದಿಗಳ ಮೇಲೆ. ಅವುಗಳೊಂದಿಗೆ ಹೋಲಿಸಲು ಎಂಜಿನ್ ಬಿಸಿಯಿರುವಾಗಲೇ ಎಣ್ಣೆ ಇಳಿಸಿ, ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಗೆ ಒಣ ಸೀಸೆ ಹಿಡಿದು, ಕಾರು ಓಡಿದ ದೂರ, ಎಣ್ಣೆ ಓಡಿದ ದೂರ, ನಡುವೆ ಸುರಿದ ಹೊಸ ಎಣ್ಣೆಯ ಪ್ರಮಾಣ ಮೂರನ್ನೂ ಚೀಟಿಯಲ್ಲಿ ಬರೆಯಬೇಕು. ಮೂರನೆಯದನ್ನೇ ಬಹಳ ಜನ ಮರೆಯುತ್ತಾರೆ: ನಾಲ್ಕು ಲೀಟರಿನಲ್ಲಿ ಸುಟ್ಟುಹೋದ ಅರ್ಧ ಲೀಟರಿನ ಜಾಗಕ್ಕೆ ಹೊಸದನ್ನು ಸುರಿದರೆ, ಎಂಜಿನ್ನಿನಲ್ಲಿ ಏನೂ ಸುಧಾರಿಸದೆಯೇ 50 ಇದ್ದ ಕಬ್ಬಿಣ 44ರ ಹತ್ತಿರಕ್ಕೆ ಇಳಿಯುತ್ತದೆ.